ಲೊಚಗುಟ್ಟುವ ಪೆಟ್ಟಿಗೆ

ಆಫೀಸಿನಲ್ಲಿ ಶ್ರೀಕೃಷ್ಣನ ಹೆಸರನ್ನು ದಿನಕ್ಕೆ ನಲವತ್ತು ಸಲವಾದರೂ ಕರೆಯುತ್ತಿದ್ದರು. ಅದರಲ್ಲಿ ಮೂವತ್ತೆಂಟು ಸಲ ಅವರಿಗೆ ಬೇಕಾಗಿದ್ದವನು ಇವನಲ್ಲ, ಕೊಳಲೂದುವವನು. ಮೂಲೆಯಲ್ಲಿದ್ದ ಸರ್ವರ್ ಎಂಬ ಕಪ್ಪು ಪೆಟ್ಟಿಗೆಯಿಂದ ಆಗಾಗ ‘ಟುಚ್’ ಎಂದು ಸದ್ದು ಬರುತ್ತಿತ್ತು. ಬಂದೊಡನೆ ಇದ್ದವರೆಲ್ಲ ಮೇಜಿಗೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದರು. ಹಲ್ಲಿ ಲೊಚಗುಟ್ಟಿದರೆ ಆಗ ಆಡುತ್ತಿದ್ದ ಮಾತು ಸತ್ಯ ಎಂಬ ನಂಬಿಕೆ ನಮ್ಮ ಕಡೆ ಹಲ್ಲಿಗಿಂತ ಹಳೆಯದು. ಪೆಟ್ಟಿಗೆಯೊಳಗಿದ್ದದ್ದು ಹಲ್ಲಿಯಲ್ಲ ಎಂದು ಅಲ್ಲಿ ಸರಿಯಾಗಿ ಗೊತ್ತಿದ್ದವನು ಶ್ರೀಕೃಷ್ಣ ಒಬ್ಬನೇ. ಮೊದಮೊದಲು ಅವನು ಪ್ರತಿ ಸಲವೂ ಬೆಚ್ಚಿ ತಲೆಯೆತ್ತುತ್ತಿದ್ದ. ಆಮೇಲೆ ತಲೆಯೆತ್ತುವುದನ್ನು ಬಿಟ್ಟ. ಕೊನೆಗೊಂದು ದಿನ ಅವನ ಬೆರಳೂ ಮೇಜಿಗೆ ಕುಟ್ಟಿತು.

ಅವನದು ಬರೆಯುವವರ ಮನೆತನ. ತಾತ ಆವನಿ ಕಡೆಯ ನಾಲ್ಕು ಹಳ್ಳಿಗೆ ಶ್ಯಾನುಭೋಗರು. ಅವರು ಮಸಿಯಲ್ಲಿ ಬರೆದು, ಮೇಲೆ ನಯವಾದ ಮರಳು ಉದುರಿಸಿ, ಒಣಗಿದ ಮೇಲೆ ಹಾಳೆ ಓರೆ ಮಾಡಿ ಮರಳು ಕೊಡವಿ, ಆಮೇಲಷ್ಟೇ ‘ಬರೆದಾಯ್ತಪ್ಪ, ಹೋಗು’ ಅನ್ನುತ್ತಿದ್ದರಂತೆ. ಎದುರಿಗೆ ನಿಂತವನು ಎಷ್ಟು ಅವಸರ ಮಾಡಿದರೂ ಮರಳು ಉದುರುವವರೆಗೆ ಆ ಮಾತು ಬಾಯಿಂದ ಉದುರುತ್ತಿರಲಿಲ್ಲ. ಅಪ್ಪ ಮುಳಬಾಗಿಲಿನಲ್ಲಿ ವಕೀಲರೊಬ್ಬರ ಗುಮಾಸ್ತರು. ಶ್ರೀಕೃಷ್ಣನ ಪಾಲಿಗೆ ಬಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ಕಲಿತ ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ. ತಾತನ ಕೈಯಲ್ಲಿ ಮಸಿ, ಅಪ್ಪನ ಕೈಯಲ್ಲಿ ಕಾರ್ಬನ್ ಕಪ್ಪು, ತನ್ನ ಕೈ ಶುಭ್ರ. ಮೂರು ತಲೆಮಾರಿಗೆ ವಂಶ ಸ್ವಚ್ಛವಾಯಿತು ಎಂದು ಅವನು ತಮಾಷೆ ಮಾಡುವುದಿತ್ತು. ಊರಿನಲ್ಲಿ ಯಾರ ಪ್ರಿಂಟರ್ ಕಾಗದ ಕಚ್ಚಿಕೊಂಡರೂ ‘ಕಂಪ್ಯೂಟರ್ ಕಿಟ್ಟ’ನಿಗೆ ಫೋನು ಬರುತ್ತಿತ್ತು. ಐವತ್ಮೂರು ತುಂಬಿದರೂ ಅವನು ಕಿಟ್ಟನೇ.

ಇಪ್ಪತ್ತು ವರ್ಷದಿಂದ ಅವನು ಬೆಳಗಿನ ಎಂಟರ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲೊಂದು ಸಣ್ಣ ಟ್ರಸ್ಟು. ನಾಟಿ ಮಾವಿನ ಮರಗಳ ಜಾತಕ ಬರೆದಿಡುವುದು ಅದರ ಕೆಲಸ. ಕಸಿ ಮಾಡಿದ ಮಾವು ಎಲ್ಲಿ ನೆಟ್ಟರೂ ತಾಯಿಯ ಹಾಗೆಯೇ ಇರುತ್ತದೆ. ಓಟೆಯಿಂದ, ಅಂದರೆ ಗೊರಟೆಯಿಂದ, ಹುಟ್ಟಿದ ನಾಟಿ ಮರ ಮಾತ್ರ ಯಾರ ಹಾಗೂ ಇರುವುದಿಲ್ಲ. ಒಂದೊಂದಕ್ಕೂ ಅದರದೇ ರುಚಿ, ಅದರದೇ ಹಟ, ಅದರದೇ ಹೆಸರು. ಆದರೆ ರಸದ ಕಾರ್ಖಾನೆಗೆ ತೋತಾಪುರಿ ಬೇಕು, ರಸ್ತೆಗೆ ಅಗಲ ಬೇಕು, ಲೇಔಟಿಗೆ ಚೌಕಾಕಾರ ಬೇಕು. ಮಾವನ ಮನೆಗೂ ಬೇಡದ ಅಳಿಯನ ಹಾಗೆ ಈ ಮಾವು ಯಾರಿಗೂ ಬೇಡವಾಗಿತ್ತು. ಮರಗಳು ಹೋಗುತ್ತಿದ್ದವು. ಹೆಸರಾದರೂ ಇರಲಿ ಎಂದು ಟ್ರಸ್ಟು ಹುಟ್ಟಿತ್ತು. ಅದಕ್ಕೆ ಕಾರ್ಯದರ್ಶಿ ಭೀಮರಾಜ್, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಟೈಪು ಮಾಡಲು ಶ್ಯಾಮಲಾ. ಉಳಿದ ಎಲ್ಲದಕ್ಕೂ ಶ್ರೀಕೃಷ್ಣ.

ಆ ಟ್ರಸ್ಟಿನ ನಿಜವಾದ ಆಸ್ತಿ ಯಲ್ದೂರಿನ ಗಂಗುಲಪ್ಪ. ಅರವತ್ತು ವರ್ಷ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತೋಪುಗಳಲ್ಲಿ ಚಾಕು ಹಿಡಿದು ಕಸಿ ಕಟ್ಟುತ್ತ ತಿರುಗಿದವನು. ಅಕ್ಷರ ಬಾರದು. ಒಂದು ಹೋಳು ನಾಲಗೆಗೆ ತಾಗಿಸಿದರೆ ಮರ ಯಾವ ಊರಿನದು, ಯಾರ ಬಾವಿಯ ಪಕ್ಕದ್ದು, ಯಾವ ವರ್ಷ ಕಡಿದರು, ಎಲ್ಲವೂ ಹೊರಬರುತ್ತಿತ್ತು. ವಾರಕ್ಕೆರಡು ದಿನ ಬಂದು ಶ್ಯಾಮಲಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದ.

“ಅದು ಪೆಳ್ಳಿಕೊಡುಕು ಅಂತ ಕಣಮ್ಮ. ವಕ್ಕಲೇರಿ ಕೆರೆ ಏರಿ ಕೆಳಗಡೆ ಇತ್ತು. ಒಂದೇ ಕೆನ್ನೆ ಕೆಂಪು. ಇನ್ನೊಂದು ಕೆನ್ನೆ ಹಸರು ಹಸರೇ. ಮದುವೆ ಗಂಡು ಅರ್ಧ ನಾಚ್ಕೊಂಡಂಗೆ.”

ಅವನಿಗೊಂದು ಪದ್ಧತಿಯಿತ್ತು. ಒಂದು ಮರ ಹೇಳಿ ಮುಗಿಸಿದ ಮೇಲೆ ‘ಬರ್ಕೊಂಡ್ಯಾ?’ ಎಂದು ಕೇಳುತ್ತಿದ್ದ. ಶ್ಯಾಮಲಾ ‘ಬರ್ಕೊಂಡೆ ತಾತಾ’ ಅಂದರೆ ಮಾತ್ರ ಕಣ್ಣು ಮುಚ್ಚಿ ಆ ಮರವನ್ನು ಬಿಟ್ಟು, ಮುಂದಿನ ಮರಕ್ಕೆ ನಡೆದುಹೋಗುತ್ತಿದ್ದ. ಬರೆದ ಮೇಲೆ ಅದು ತನ್ನ ತಲೆಯಲ್ಲಿರಬೇಕಾಗಿಲ್ಲ ಎಂಬ ನೆಮ್ಮದಿ ಅವನ ಮುಖದಲ್ಲಿ ಕಾಣುತ್ತಿತ್ತು. ಹೊತ್ತ ಮೂಟೆ ಒಂದೊಂದಾಗಿ ಇಳಿಸಿದಂತೆ.

ಅವನು ಹೇಳತೊಡಗಿದ ಎರಡನೆಯ ತಿಂಗಳಿಗೆ ಪೆಟ್ಟಿಗೆ ನಿಧಾನವಾಯಿತು. ಶ್ಯಾಮಲಾ ಸೇವ್ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ, ಒಂದು ನಿಮಿಷವಾದ ಮೇಲೆ ‘ಸೇವ್ ಆಗಿದೆ’ ಎಂದು ಬರುತ್ತಿತ್ತು. ಅವಳು ಸುಳ್ಳು ಹೇಳುವವಳಲ್ಲ. ಆ ಮಾತು ಪರದೆಯಲ್ಲಿ ಬಾರದೆ ‘ಬರ್ಕೊಂಡೆ’ ಅನ್ನುತ್ತಿರಲಿಲ್ಲ. ಆ ಒಂದು ನಿಮಿಷದಲ್ಲಿ ಗಂಗುಲಪ್ಪನ ಮುಂದಿನ ಮರ ಗಂಟಲಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಒಂದು ಶುಕ್ರವಾರ ಅವನು ಎದ್ದು ಚಪ್ಪಲಿ ಹುಡುಕತೊಡಗಿದ.

“ನಾನು ಸತ್ತು, ನನ್ನ ಮೇಲೆ ಓಟೆ ಬಿದ್ದು, ಅದು ಚಿಗುರೋ ಹೊತ್ಗೆ ನಿಮ್ಮ ಪೆಟ್ಟಿಗೆ ಬರ್ಕೊಂತದೆ. ನಾನಿನ್ನು ಬರಲ್ಲ ಸಾಮಿ.”

ಶ್ರೀಕೃಷ್ಣ ಅವನನ್ನು ಕಾಫಿ ಕೊಟ್ಟು ಕೂರಿಸಿ, ಪೆಟ್ಟಿಗೆ ಬಿಚ್ಚಿದ. ಬೆಂಗಳೂರಿನ ಯಾವುದೋ ಕಂಪನಿ ಬಳಸಿ ಬಿಟ್ಟದ್ದನ್ನು ಟ್ರಸ್ಟು ತಂದಿದ್ದ ಸರ್ವರ್ ಅದು. ಡಿಸ್ಕುಗಳನ್ನು ನೋಡಿಕೊಳ್ಳುವ ಕಾರ್ಡಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿಯೊಂದು ಹೊಟ್ಟೆ ಉಬ್ಬಿಸಿಕೊಂಡು ಸತ್ತಿತ್ತು. ಕಾರಣ ತಿಳಿಯಿತು.

ಆ ಕಾರ್ಡನ್ನು ತಾಲ್ಲೂಕು ಕಚೇರಿಯ ಟಪಾಲು ಗುಮಾಸ್ತ ಎಂದುಕೊಳ್ಳಬೇಕು. ಚುರುಕಾದ ಗುಮಾಸ್ತ ನಿಮ್ಮ ಅರ್ಜಿ ಕೈಗೆ ತೆಗೆದುಕೊಂಡ ಕೂಡಲೇ ‘ಆಯ್ತು, ಹೋಗಿ’ ಎಂದು ಸೀಲು ಒತ್ತಿಬಿಡುತ್ತಾನೆ. ಅರ್ಜಿ ಇನ್ನೂ ರಿಜಿಸ್ಟರಿಗೆ ಏರಿರುವುದಿಲ್ಲ, ಅವನ ಜೇಬಿನಲ್ಲಿರುತ್ತದೆ. ಪುರುಸೊತ್ತಾದಾಗ ಹತ್ತಿಪ್ಪತ್ತನ್ನು ಒಟ್ಟಿಗೆ ಏರಿಸುತ್ತಾನೆ. ಆ ಜೇಬಿಗೆ ಕಂಪ್ಯೂಟರಿನವರು ಕ್ಯಾಶ್ ಅನ್ನುತ್ತಾರೆ. ಕರೆಂಟು ಹೋದರೆ ಜೇಬು ಖಾಲಿಯಾಗದಿರಲಿ ಎಂದು ಆ ಪುಟ್ಟ ಬ್ಯಾಟರಿ. ಬ್ಯಾಟರಿ ಸತ್ತರೆ ಕಾರ್ಡು ಜೇಬನ್ನು ಹೊಲಿದುಕೊಂಡು ಪ್ರಾಮಾಣಿಕವಾಗಿಬಿಡುತ್ತದೆ: ಒಂದೊಂದನ್ನೂ ಡಿಸ್ಕಿನಲ್ಲಿ ಬರೆದು, ಬರೆದ ಮೇಲಷ್ಟೇ ‘ಬರೆದೆ’ ಅನ್ನುತ್ತದೆ. ತಾತನ ಹಾಗೆ. ನಿಧಾನಕ್ಕೆ ಕಾರಣ ಅದೇ, ಪ್ರಾಮಾಣಿಕತೆ.

ಸೆಟ್ಟಿಂಗಿನಲ್ಲಿ ಒಂದು ಸಾಲಿತ್ತು. ಬ್ಯಾಟರಿ ಇಲ್ಲದಿದ್ದರೂ ಜೇಬು ತೆರೆದೇ ಇಡಲೇ ಎಂದು ಅದು ಕೇಳುತ್ತಿತ್ತು. ಅವನು ಒತ್ತಿದ. ಯಂತ್ರ ಕೆಂಪು ಅಕ್ಷರದಲ್ಲಿ, ಕರೆಂಟು ಹೋದರೆ ಮಾಹಿತಿ ಕಳೆಯಬಹುದು, ಖಚಿತವಾಗಿದ್ದರೆ ‘ಯೆಸ್’ ಎಂದು ಟೈಪು ಮಾಡಿ ಎಂದಿತು. ಶ್ರೀಕೃಷ್ಣ ತಿರುಗಿ ನೋಡಿದ. ಬಾಗಿಲಲ್ಲಿ ಗಂಗುಲಪ್ಪ ಕಾಫಿ ಲೋಟ ಕೆಳಗಿಟ್ಟು ಒಂದು ಚಪ್ಪಲಿ ಮೆಟ್ಟಿಯಾಗಿತ್ತು. ಹೇಗೂ ಯುಪಿಎಸ್ ಇದೆ, ಹೊಸ ಬ್ಯಾಟರಿ ಒಂದು ವಾರದಲ್ಲಿ ಬರುತ್ತದೆ ಎಂದುಕೊಂಡು ಅವನು ಮೂರಕ್ಷರ ಟೈಪು ಮಾಡಿದ. ಅದೇ ಕೈಯಲ್ಲಿ, ಸಂಜೆಯ ಬ್ಯಾಕಪ್ಪನ್ನೂ ನಿಲ್ಲಿಸಿದ. ಅದು ಓಡುವಾಗ ಪೆಟ್ಟಿಗೆ ಇನ್ನಷ್ಟು ಏದುಸಿರು ಬಿಡುತ್ತಿತ್ತು. ಅದೂ ಒಂದು ವಾರಕ್ಕೆ.

ಅಂದಿನಿಂದ ‘ಸೇವ್ ಆಗಿದೆ’ ಎಂಬುದು ಕಣ್ಣು ಮಿಟುಕಿಸುವುದರೊಳಗೆ ಬರತೊಡಗಿತು. ಗಂಗುಲಪ್ಪ ಚಪ್ಪಲಿ ಬಿಟ್ಟ. ದಿನಕ್ಕೆ ಆರು ಮರ, ಏಳು ಮರ. ‘ಬರ್ಕೊಂಡ್ಯಾ?’ ‘ಬರ್ಕೊಂಡೆ ತಾತಾ.’ ಭೀಮರಾಜ್ ಶ್ರೀಕೃಷ್ಣನ ಬೆನ್ನು ತಟ್ಟಿದರು.

ಬ್ಯಾಟರಿ ಇಲ್ಲದ್ದಕ್ಕೆ ಕಾರ್ಡು ಮಾತ್ರ ಬಿಡದೆ ಕಿರುಚುತ್ತಿತ್ತು. ಐದೈದು ನಿಮಿಷಕ್ಕೊಮ್ಮೆ ಕಿವಿಗೆ ಸೂಜಿ ಚುಚ್ಚುವಂಥ ಬೀಪ್. ಗಂಗುಲಪ್ಪ ಬೆಚ್ಚಿ ಮರದ ಹೆಸರು ಮರೆಯುತ್ತಾನೆಂದು ಶ್ರೀಕೃಷ್ಣ ಆ ಸಣ್ಣ ಸ್ಪೀಕರಿನ ಮೇಲೆ ಹತ್ತಿಯಿಟ್ಟು ಪ್ಲಾಸ್ಟರ್ ಅಂಟಿಸಿದ. ಕಿರುಚಾಟ ‘ಟುಚ್’ ಎಂದಾಯಿತು. ಮೊದಲು ಬೆರಳು ಕುಟ್ಟಿದವಳು ಶ್ಯಾಮಲಾ. ಯಾವುದೋ ಮರದ ವಿಷಯದಲ್ಲಿ ಗಂಗುಲಪ್ಪ ‘ಅಂಥ ಹಣ್ಣು ಈ ಜಿಲ್ಲೇಲಿ ಇನ್ನೊಂದಿಲ್ಲ’ ಅಂದದ್ದೂ ಪೆಟ್ಟಿಗೆ ಟುಚ್ ಅಂದದ್ದೂ ಒಟ್ಟಿಗೆ ಆಯಿತು. “ನೋಡು ತಾತಾ, ಸತ್ಯ” ಎಂದು ಅವಳು ಕುಟ್ಟಿದಳು. ಅವನೂ ಕುಟ್ಟಿದ. ಒಂದು ವಾರದಲ್ಲಿ ಅದು ಆಫೀಸಿನ ಸಂಪ್ರದಾಯ. ಜಗತ್ತಿನಲ್ಲಿ ಬೇರೆಲ್ಲ ಕಡೆ ಎಚ್ಚರಿಕೆಯ ಗಂಟೆ ಬಾರಿಸಿದರೆ ಜನ ಓಡುತ್ತಾರೆ. ನಮ್ಮಲ್ಲಿ ನಮಸ್ಕಾರ ಹಾಕುತ್ತಾರೆ.

ಒಂದು ವಾರ ಕಳೆದ ಮೇಲೆ ಶ್ರೀಕೃಷ್ಣ ಭೀಮರಾಜರ ಮುಂದೆ ನಿಂತು, ಕ್ಯಾಶ್ ಬ್ಯಾಟರಿ ಸತ್ತಿದೆ ಸಾರ್, ಹೊಸದು ಬೇಕು ಎಂದ. ಮೂವತ್ತು ವರ್ಷ ಕ್ಯಾಶ್ ಕಂಡವರು ಅವರು. ಅದಕ್ಕೆ ಬ್ಯಾಟರಿ ಬೇಕೆಂದು ಕೇಳಿದ್ದು ಇದೇ ಮೊದಲು. ಅವನು ವಿವರಿಸಿದ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಪೆಟ್ಟಿಗೆಯತ್ತ ಬೆರಳು ತೋರಿಸಿದರು.

“ಅದು ಈಗ ನಡೀತಾ ಇದೆಯೋ ಇಲ್ವೋ? ಅಷ್ಟು ಹೇಳ್ರೀ.”

“ನಡೀತಾ ಇದೆ ಸಾರ್.”

ಪೆಟ್ಟಿಗೆ ಟುಚ್ ಎಂದಿತು. ಭೀಮರಾಜ್ ಮೇಜು ಕುಟ್ಟಿದರು. “ನೋಡ್ರೀ, ಅದೇ ಒಪ್ಕೊಳ್ತಾ ಇದೆ.”

ಅವನು ಇನ್ನೂ ಎರಡು ಸಲ ಕೇಳಿದ. ಹಳೆಯ ಮಾದರಿಯ ಬ್ಯಾಟರಿ ಸಿಗುವುದು ಕಷ್ಟ ಎಂದು ಅಂಗಡಿಯವನೂ ಅಂದ. ಒಂದು ವಾರ ಎಂಬುದು ಸರ್ಕಾರಿ ವಾರವಾಯಿತು. ಎರಡು ವರ್ಷ ಉದ್ದದ್ದು. ಬ್ಯಾಕಪ್ ಮತ್ತೆ ಶುರು ಮಾಡಬೇಕು ಎಂಬುದು ಅವನಿಗೆ ಬಸ್ಸಿನಲ್ಲಿ ನೆನಪಾಗುತ್ತಿತ್ತು, ಆಫೀಸಿನಲ್ಲಿ ಮರೆಯುತ್ತಿತ್ತು. ನೆನಪಿಗೂ ಒಂದು ಜೇಬಿರುತ್ತದೆ.

ಎರಡನೆಯ ವರ್ಷದ ಶಿವರಾತ್ರಿ ಕಳೆದ ವಾರ ಗಂಗುಲಪ್ಪ ಬರಲಿಲ್ಲ. ಬಲಗೈ ಬಲಗಾಲು ಬಿದ್ದುಹೋಗಿವೆ, ಬಾಯಿ ಸೊಟ್ಟಗಾಗಿ ಮಾತು ನಿಂತಿದೆ ಎಂದು ಯಲ್ದೂರಿನಿಂದ ಸುದ್ದಿ ಬಂತು. ಶ್ಯಾಮಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭೀಮರಾಜ್ ಅವಳ ಪಕ್ಕ ಬಂದು ನಿಂತು ಸಮಾಧಾನ ಹೇಳಿದರು. ಸಾವಿರದ ನೂರ ನಲವತ್ತು ಮರ ಹೇಳಿ ಮುಗಿಸಿದ್ದ ಅವನು.

“ಅಳಬೇಡಮ್ಮ. ಪುಣ್ಯಾತ್ಮ ಎಲ್ಲಾ ಕೊಟ್ಟೇ ಹೋಗಿ ಮಲಗಿದ್ದಾನೆ. ಎಲ್ಲಾ ಭದ್ರವಾಗಿ ಪೆಟ್ಟಿಗೇಲಿದೆ.”

ಟುಚ್.

ಮೂವರ ಬೆರಳೂ ಮೇಜು ಮುಟ್ಟಿತು. ಮೂರನೆಯದು ಶ್ರೀಕೃಷ್ಣನದು. ಗೊತ್ತಿಲ್ಲದೆ ಕುಟ್ಟಿದ ಅಂತಲ್ಲ. ಆ ಮಾತು ಸತ್ಯವಾಗುವುದು ಅವನಿಗೆ ಅಷ್ಟು ಬೇಕಾಗಿತ್ತು.

ಮೇ ತಿಂಗಳಲ್ಲಿ ಮಾಲೂರಿನಿಂದ ಐದು ಜನ ತೋಟಗಾರರು ಪಟ್ಟಿ ನೋಡಲು ಬರುವವರಿದ್ದರು. ಅವರು ಬರುವ ಮೊದಲು ಪ್ರತಿ ಮರಕ್ಕೂ ತಾಲ್ಲೂಕಿನ ಅಕ್ಷರ ಸೇರಿಸಿ ಹೊಸ ನಂಬರು ಕೊಡಬೇಕೆಂದು ಭೀಮರಾಜರ ಆಜ್ಞೆ. ಮಧ್ಯಾಹ್ನ ಮೂರು ಗಂಟೆಗೆ ಶ್ರೀಕೃಷ್ಣ ಒಂದೇ ಆಜ್ಞೆಯಲ್ಲಿ ಎಲ್ಲ ಮರಗಳನ್ನೂ ಬದಲಿಸಿದ. ಪರದೆ ಕ್ಷಣದಲ್ಲಿ ‘ಮುಗಿದಿದೆ’ ಎಂದಿತು. ಮುಗಿದಿರಲಿಲ್ಲ. ಸಾವಿರ ಅರ್ಜಿಯೂ ಗುಮಾಸ್ತನ ಜೇಬಿನಲ್ಲಿದ್ದವು. ಅವನು ಆಗಷ್ಟೇ ರಿಜಿಸ್ಟರಿನ ಹಾಳೆ ಹಾಳೆ ಬಿಚ್ಚಿ ಏರಿಸಲು ಕೂತಿದ್ದ.

ಆಗ ಗಾಳಿ ಎದ್ದಿತು. ಕಾಯಿ ಉದುರಿಸುವ ಬೇಸಿಗೆಯ ಮಳೆಗಾಳಿ. ಕರೆಂಟು ಹೋಯಿತು, ಯುಪಿಎಸ್ ಹಿಡಿದುಕೊಂಡಿತು. ಅತಿಥಿಗಳ ಕಾರು ಗೇಟಿಗೆ ಬಂತು. ಅವರಿಗೆ ನಾಟಿ ಮಾವಿನ ರಸ ಕೊಡಲೇಬೇಕೆಂದು ಭೀಮರಾಜ್ ಸಂಭ್ರಮದಿಂದ ಮಿಕ್ಸಿ ತರಿಸಿಟ್ಟಿದ್ದರು. ಆಫೀಸಿನಲ್ಲಿ ಜೀವವಿದ್ದ ಸಾಕೆಟ್ಟು ಒಂದೇ, ಸರ್ವರ್ ಪಕ್ಕದ್ದು. ಅವರೇ ಪ್ಲಗ್ ಚುಚ್ಚಿ ಗುಂಡಿ ತಿರುಗಿಸಿದರು. ಮಿಕ್ಸಿ ಒಂದು ಸುತ್ತು ಗೊರ್ ಎಂದಿತು. ಯುಪಿಎಸ್ ಒಮ್ಮೆ ಚೀರಿ ಬಿದ್ದುಹೋಯಿತು. ಕಪ್ಪು ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಎರಡು ವರ್ಷದಲ್ಲಿ ಮೊದಲ ಸಲ ಆ ಕೋಣೆ ಪೂರ್ತಿ ನಿಶ್ಶಬ್ದವಾಗಿತ್ತು.

ಕರೆಂಟು ಬಂದ ಮೇಲೆ ಪೆಟ್ಟಿಗೆ ಎದ್ದಿತು, ಡೇಟಾಬೇಸ್ ಏಳಲಿಲ್ಲ. ಜೇಬಿನಲ್ಲಿದ್ದದ್ದು ಮಾತ್ರ ಹೋಗಿದ್ದರೆ ಹೊಸ ನಂಬರುಗಳು ಹೋಗುತ್ತಿದ್ದವು, ಅಷ್ಟೇ. ಆದರೆ ಬಿಚ್ಚಿಟ್ಟ ರಿಜಿಸ್ಟರಿನ ನಡುವೆ ಗುಮಾಸ್ತ ಸತ್ತಿದ್ದ. ಕೆಲವು ಹಾಳೆ ಹೊಸದು, ಕೆಲವು ಹಳೆಯದು, ಕೆಲವು ಅರ್ಧ. ಎಷ್ಟನೆಯ ಪುಟದಲ್ಲಿ ಏನಿದೆ ಎಂದು ಹೇಳುವ ಸೂಚಿ ಇಲ್ಲದ ಪುಟಗಳತ್ತ ಕೈ ತೋರುತ್ತಿತ್ತು. ಶ್ರೀಕೃಷ್ಣ ಬ್ಯಾಕಪ್ ಡಿಸ್ಕು ತಂದು ಚುಚ್ಚಿದ. ಅದರಲ್ಲಿ ಗಂಗುಲಪ್ಪನ ಮೊದಲ ನಲವತ್ತೊಂದು ಮರ ಸುಖವಾಗಿದ್ದವು. ನಲವತ್ತೆರಡನೆಯದರಿಂದ ಆಚೆಗೆ ಏನೂ ಇರಲಿಲ್ಲ. ಅತಿಥಿಗಳು ರಸವಿಲ್ಲದೆ, ಬಾಟಲಿ ನೀರು ಕುಡಿದು ಹೊರಟರು.

ಡಿಸ್ಕುಗಳು ಬೆಂಗಳೂರಿಗೆ ಹೋಗಿ ಒಂದೂವರೆ ತಿಂಗಳಿಗೆ ವಾಪಸು ಬಂದವು, ಜೊತೆಗೆ ಒಂದು ಕಟ್ಟು ಪ್ರಿಂಟು. ಸಿಕ್ಕ ಚೂರುಗಳು. ಹೆಸರಿಗೆ ಊರಿಲ್ಲ, ಊರಿಗೆ ರುಚಿಯಿಲ್ಲ. ‘ತೊಟ್ಟಿನ ಹತ್ತಿರ ಸೋಂಪಿನ ವಾಸನೆ’ ಎಂದು ಒಂದು ಸಾಲು. ಯಾವ ಮರದ ತೊಟ್ಟು? ‘ಅತ್ತೆ ಕದ್ದು ತಿಂದಿದ್ದು’ ಎಂದು ಇನ್ನೊಂದು, ಯಾರ ಅತ್ತೆ? ಒಂದೇ ಒಂದು ಕಾಲಂ ಹೆಚ್ಚುಕಡಿಮೆ ಇಡಿಯಾಗಿ ಉಳಿದಿತ್ತು. ‘ಮರ ಈಗ ಇದೆಯೇ?’ ಎಂಬ ಪ್ರಶ್ನೆಯ ಕೆಳಗೆ ಹನ್ನೊಂದು ಪುಟ ‘ಇಲ್ಲ’, ‘ಇಲ್ಲ’, ‘ಇಲ್ಲ’.

ಅವನು ಭೀಮರಾಜರಿಗೆ ಎಲ್ಲ ಹೇಳಿದ. ಬ್ಯಾಟರಿ, ಕೆಂಪು ಅಕ್ಷರ, ತಾನು ಟೈಪು ಮಾಡಿದ ಮೂರಕ್ಷರ. ಅವರಿಗೂ ಮಿಕ್ಸಿ ನೆನಪಿತ್ತು. ಬಹಳ ಹೊತ್ತು ಕನ್ನಡಕ ಒರೆಸಿದರು. ವರದಿಯಲ್ಲಿ ‘ವಿದ್ಯುತ್ ವ್ಯತ್ಯಯದಿಂದ’ ಎಂದಷ್ಟೇ ಬರೆಯಿರಿ, ಇಬ್ಬರಿಗೂ ಒಳ್ಳೆಯದು ಎಂದರು. ಅವನು ಹಾಗೇ ಬರೆದ. ಅದು ಮಾತ್ರ ಕೂಡಲೇ ಭದ್ರವಾಗಿ ಸೇವ್ ಆಯಿತು. ಶ್ಯಾಮಲಾ ಆ ತಿಂಗಳ ಕೊನೆಗೆ ಜೆರಾಕ್ಸ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಳು. ಪ್ರತಿಯೊಂದಕ್ಕೂ ಪ್ರತಿ ತೆಗೆಯುವ ಕೆಲಸ. ಹೋಗುವ ದಿನ ಅವಳು ಶ್ರೀಕೃಷ್ಣನನ್ನು ಒಂದೇ ಮಾತು ಕೇಳಿದಳು: ‘ಹಾಗಾದ್ರೆ ನಾನು ತಾತನಿಗೆ ಎರಡು ವರ್ಷ ಸುಳ್ಳು ಹೇಳಿದ್ನಾ ಸಾರ್?’ ಅವನು ಇಲ್ಲ ಎಂದ. ಪೆಟ್ಟಿಗೆ ಸುಮ್ಮನಿತ್ತು.

ಆಷಾಢದ ಒಂದು ಭಾನುವಾರ ಅವನು ಪ್ರಿಂಟಿನ ಕಟ್ಟು, ಒಂದು ಹೊಸ ನೋಟ್‌ಬುಕ್ಕು, ಪೆನ್ನು ಹಿಡಿದು ಯಲ್ದೂರಿಗೆ ಹೋದ. ನಿಜ ಹೇಳಿಬಿಡುವುದು, ಆಮೇಲೆ ಏನಾದರೂ ಮತ್ತೆ ಸಿಗುತ್ತದೋ ನೋಡುವುದು, ಎರಡೂ ಮನಸ್ಸಿನಲ್ಲಿದ್ದವು. ಗಂಗುಲಪ್ಪ ಜಗಲಿಯ ಮೇಲೆ ನವಾರು ಮಂಚದಲ್ಲಿ ದಿಂಬಿಗೊರಗಿದ್ದ. ಮಡದಿ ಆವಲಮ್ಮ ಅವನ ಗದ್ದ ಒರೆಸಿ, ಶ್ರೀಕೃಷ್ಣನಿಗೆ ಸ್ಟೂಲು ಹಾಕಿದಳು. ಆಫೀಸಿನಲ್ಲಿ ಗಂಗುಲಪ್ಪ ಕೂರುತ್ತಿದ್ದಂಥದೇ ಸ್ಟೂಲು.

“ಗಂಗುಲಪ್ಪ, ಒಂದು ತಪ್ಪಾಗಿದೆ” ಎಂದು ಶ್ರೀಕೃಷ್ಣ ಶುರುಮಾಡಿದ. ಮುದುಕನ ಕಣ್ಣು ನೋಟ್‌ಬುಕ್ಕಿನ ಮೇಲೆ ನೆಟ್ಟಿತ್ತು. ಶ್ರೀಕೃಷ್ಣ ತಪ್ಪಿನ ಮಾತು ಅಲ್ಲೇ ಬಿಟ್ಟ. ಅವನು ಪ್ರಿಂಟು ತೆಗೆದು ಓದಿದ: ತೊಟ್ಟಿನ ಹತ್ತಿರ ಸೋಂಪಿನ ವಾಸನೆ.

ಗಂಗುಲಪ್ಪನ ಮುಖ ಬೆಳಗಿತು. ಎಡಗೈ ಎದ್ದು ಗಾಳಿಯಲ್ಲಿ ಒಂದು ಮರ ಬರೆಯಿತು, ಇಷ್ಟೆತ್ತರ, ಈ ಕಡೆ ಬಾಗಿದ ಕೊಂಬೆ, ಇಲ್ಲೊಂದು ಬಾವಿ ಇರಬೇಕು. ಬಾಯಿಂದ ಸದ್ದು ಹೊರಟಿತು. ‘ಬಾ… ಬಬಾ… ಬಾ’. ಅದರಲ್ಲಿ ಏರಿಳಿತವಿತ್ತು, ತೆಲುಗಿನ ರಾಗವಿತ್ತು, ತಮಾಷೆ ಬರುವ ಜಾಗದಲ್ಲಿ ನಗುವೂ ಇತ್ತು. ಒಂದು ಅಕ್ಷರವೂ ಇರಲಿಲ್ಲ. ಮರಕ್ಕೆ ಮರವೇ ಆ ತಲೆಯೊಳಗೆ ಇಡಿಯಾಗಿತ್ತು, ಹೊರಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಮುಗಿಸಿ, ಅವನು ಶ್ರೀಕೃಷ್ಣನ ಪೆನ್ನನ್ನೇ ನೋಡುತ್ತ ಕೂತ. ನೋಡುತ್ತಲೇ ಇದ್ದ. ಉಸಿರು ಜೋರಾಯಿತು.

“ಬರ್ಕೊಂಡ್ರಾ ಅಂತ ಕೇಳ್ತಾ ಅವ್ರೆ ಸಾಮಿ” ಎಂದಳು ಆವಲಮ್ಮ. “ಬರ್ಕೊಂಡೆ ಅಂದ್ಬಿಡಿ. ಇಲ್ದಿದ್ರೆ ಹಿಂಗೇ ಒದ್ದಾಡ್ತಾ ಇರ್ತಾರೆ, ಊಟಾನೂ ಮಾಡಲ್ಲ.”

ಶ್ರೀಕೃಷ್ಣ ಹಾಳೆ ನೋಡಿದ. ಮೇಲೆ ತಾರೀಖು ಹಾಕಿದ್ದ, ಅಷ್ಟೇ.

“ಬರ್ಕೊಂಡೆ, ಗಂಗುಲಪ್ಪ.”

ಮುದುಕ ಕಣ್ಣು ಮುಚ್ಚಿದ. ಮುಖದ ಎಡಗಡೆ ಮಾತ್ರ ಸಡಿಲವಾಯಿತು. ಬಲಗಡೆ ಮೊದಲೇ ಸಡಿಲವಾಗಿತ್ತು. ಮತ್ತೆ ಕಣ್ಣು ತೆರೆದು ಮುಂದಿನ ಮರಕ್ಕೆ ಹೊರಟ.

ಈಗ ಶ್ರೀಕೃಷ್ಣ ಎರಡು ವಾರಕ್ಕೊಂದು ಭಾನುವಾರ ಹೋಗುತ್ತಾನೆ. ಪ್ರತಿ ಸಲವೂ ಪೆನ್ನನ್ನು ಹಾಳೆಯ ಮೇಲೆ ಆಡಿಸುತ್ತಾನೆ, ಹೇಳಬೇಕಾದ್ದನ್ನು ಹೇಳುತ್ತಾನೆ. ನೋಟ್‌ಬುಕ್ಕಿನಲ್ಲಿ ಮರಳು ಉದುರಿಸಿ ಒಣಗಿಸುವಂಥದು ಏನೂ ಇಲ್ಲ. ಹೋದ ಸಲ ಆವಲಮ್ಮ ಅವನನ್ನು ಬೇಲಿಯವರೆಗೆ ಬಿಡಲು ಬಂದು, ಇನ್ನೂ ಎಷ್ಟು ಮರ ಉಳಿದಾವೆ ಸಾಮಿ ಎಂದು ಕೇಳಿದಳು. ಸಾವಿರದ ಚಿಲ್ಲರೆ ಎಂದ. ಅವಳು ತಲೆಯಾಡಿಸಿ, ಬಸ್ಸು ಬರೋ ಹೊತ್ತಾಯಿತು ಎಂದು ನೆನಪಿಸಿದಳು.